ಟೋಕಿಯೋದಿಂದ ಹಿರೋಷಿಮಾಗೆ: ಜಪಾನಿನಲ್ಲಿ ಓದುವವರ ಗುಂಪು ಪ್ರವಾಸಕ್ಕೆ ಟಿಕೆಟ್, ಊಟ, ಲೆಕ್ಕಾಚಾರ

ಜಪಾನ್ ಸುತ್ತಬೇಕು ಅಂದ ಕೂಡಲೇ ಎಲ್ಲರ ಬಾಯಿಗೂ ಬರುವ ಹೆಸರು ಜೆಆರ್ (ಜಪಾನ್ ರೈಲ್ವೇಸ್) ಪಾಸ್. ಓದಲು ಬಂದವರಿಗೆ ಅದು ಸಿಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ‘ಟೆಂಪರರಿ ವಿಸಿಟರ್’ ಎಂಬ ನಮೂದು ಇರುವ ಪ್ರವಾಸಿಗರಿಗೆ ಮಾತ್ರ ಮಾಡಿದ ಪಾಸ್ ಅದು. ನಿಮ್ಮ ರೆಸಿಡೆನ್ಸ್ ಕಾರ್ಡಿನಲ್ಲಿ ‘ರ್ಯೂಗಾಕು’, ಅಂದರೆ ವಿದ್ಯಾರ್ಥಿ ಎಂದಿದೆ. ದುಡ್ಡು ಕಟ್ಟಿ ವೋಚರ್ ಕೊಂಡುಕೊಂಡರೂ ಸ್ಟೇಷನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ನೋಡಿ ವಾಪಸ್ ಕಳಿಸುತ್ತಾರೆ.

ಸಿಗದಿದ್ದರೆ ನಷ್ಟವೇನೂ ಇಲ್ಲ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸ್ 50,000 ಯೆನ್‌ಗೆ ಏರಿತು. ಟೋಕಿಯೋದಿಂದ ಹಿರೋಷಿಮಾಗೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಸೀಟು ಕಾಯ್ದಿರಿಸಿ ಹೋದರೂ ಒಂದು ಕಡೆಗೆ ಸುಮಾರು 20,000. ಹೋಗಿ ಬಂದರೂ ಪಾಸಿನ ದುಡ್ಡು ಹುಟ್ಟುವುದಿಲ್ಲ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಎಷ್ಟೋ ಅಗ್ಗದ ದಾರಿಗಳಿವೆ. ಅವಕ್ಕೆ ಅವುಗಳದೇ ಕಟ್ಟುಪಾಡುಗಳಿವೆ, ಗುಂಪಾಗಿ ಹೋಗುವವರು ಎಡವುವುದು ಅಲ್ಲೇ.

ಇಲ್ಲಿ ಲೆಕ್ಕ ಹಾಕಿರುವುದು ಟೋಕಿಯೋದಲ್ಲಿ ಓದುವ ಎಂಟು ಜನರಿಗೆ. ವಸಂತ ರಜೆಯಲ್ಲಿ ಕ್ಯೋಟೋ, ನಾರಾ, ಹಿಮೇಜಿ, ಹಿರೋಷಿಮಾ, ಮಿಯಾಜಿಮಾ ನೋಡಿ ಒಸಾಕಾದಿಂದ ವಾಪಸ್.

ಎಷ್ಟು ಜನ, ಯಾವಾಗ

ಜಪಾನ್ ನಾಲ್ಕರ ಲೆಕ್ಕದಲ್ಲಿ ನಡೆಯುತ್ತದೆ. ರೈಲಿನ ಎದುರುಬದುರು ಸೀಟು ನಾಲ್ಕು, ಸಾಮಾನ್ಯ ಟ್ಯಾಕ್ಸಿಗೆ ನಾಲ್ಕು ಜನ, ಹೋಟೆಲಿನ ಮೇಜಿಗೂ ನಾಲ್ಕೇ. ಎಂಟು ಜನ ಇದ್ದರೆ ಎರಡು ತಂಡ ಮಾಡಿ, ತಂಡಕ್ಕೊಬ್ಬರು ಮುಂದಾಳು ಇರಲಿ. ಒಂಬತ್ತನೆಯವರು ಸೇರಿದರೆ ಪ್ರತಿ ಊಟಕ್ಕೂ ಒಬ್ಬರು ಹೊರಗೆ ನಿಲ್ಲುತ್ತಾರೆ, ಮೊದಲೇ ‘ಇಲ್ಲ’ ಎನ್ನುವುದು ಒಳ್ಳೆಯದು. ರಾಮೆನ್ ಅಂಗಡಿಗಳಲ್ಲಿ ಬರೀ ಕೌಂಟರ್ ಸೀಟುಗಳಿರುತ್ತವೆ. ಅಲ್ಲಿ ಎಂಟು ಜನ ಒಟ್ಟಿಗೆ ಕೂರುವ ಆಸೆ ಬಿಡಿ.

ವಿಶ್ವವಿದ್ಯಾಲಯಗಳ ವಸಂತ ರಜೆ ಸಾಮಾನ್ಯವಾಗಿ ಫೆಬ್ರವರಿಯಿಂದ ಮಾರ್ಚ್ ಕೊನೆಯವರೆಗೆ. ನಾವು ಮುಂದೆ ಹೇಳುವ ಅಗ್ಗದ ರೈಲು ಟಿಕೆಟ್ ನಡೆಯಲು ಶುರುವಾಗುವುದು ಮಾರ್ಚ್ 1ರ ಹೊತ್ತಿಗೆ. ಮಾರ್ಚ್ ಕೊನೆಯ ವಾರಕ್ಕೆ ಕ್ಯೋಟೋದಲ್ಲಿ ಚೆರ್ರಿ ಹೂ ಅರಳಿ ಕೋಣೆಗಳ ಬೆಲೆ ಗಗನಕ್ಕೇರುತ್ತದೆ. ಹಾಗಾಗಿ ಮಾರ್ಚ್ ಮೊದಲ ಎರಡು ವಾರವೇ ಸರಿಯಾದ ಸಮಯ. ಚೆರ್ರಿ ಹೂ ಸಿಗುವುದಿಲ್ಲ, ಪ್ಲಮ್ ಹೂ ಸಿಗುತ್ತದೆ, ಜನಜಂಗುಳಿ ಕಡಿಮೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್, ಆಗಸ್ಟ್ ಮಧ್ಯದ ಓಬೋನ್, ಹೊಸ ವರ್ಷದ ಆಸುಪಾಸು ಈ ಮೂರನ್ನೂ ಬಿಟ್ಟುಬಿಡಿ. ಜಪಾನೀಯರೆಲ್ಲ ಊರಿಗೆ ಹೊರಡುವ ಹೊತ್ತದು. ಶನಿವಾರ ರಾತ್ರಿ ಎಲ್ಲ ಕಡೆ ಕೋಣೆ ದುಬಾರಿ, ಆದ್ದರಿಂದ ಭಾನುವಾರ ಅಥವಾ ಸೋಮವಾರ ಹೊರಡಿ.

ವಿದ್ಯಾರ್ಥಿಗೆ ಸಿಗುವ ಟಿಕೆಟ್‌ಗಳು

ಮೊದಲನೆಯದು ಗಾಕುವಾರಿ, ವಿದ್ಯಾರ್ಥಿ ರಿಯಾಯಿತಿ. ಜೆಆರ್ ರೈಲಿನಲ್ಲಿ ಒಂದು ಕಡೆಯ ದೂರ 100 ಕಿ.ಮೀ. ದಾಟಿದರೆ ಮೂಲ ದರದಲ್ಲಿ ಶೇ 20 ಕಡಿತ. ಟೋಕಿಯೋ–ಕ್ಯೋಟೋ ಮೂಲ ದರ 8,360 ಯೆನ್, ಅದು 6,680ಕ್ಕೆ ಇಳಿಯುತ್ತದೆ. ಆದರೆ ಶಿಂಕಾನ್ಸೆನ್‌ಗೆ ಮೇಲೆ ಕೊಡುವ ಎಕ್ಸ್‌ಪ್ರೆಸ್ ಶುಲ್ಕದಲ್ಲಿ ಒಂದು ಯೆನ್ನೂ ಕಡಿಮೆಯಾಗುವುದಿಲ್ಲ. ಇದಕ್ಕೆ ವಿಶ್ವವಿದ್ಯಾಲಯ ಕೊಡುವ ಪ್ರಮಾಣಪತ್ರ ಬೇಕು, ಎಷ್ಟೋ ಕ್ಯಾಂಪಸ್‌ಗಳಲ್ಲಿ ಅದನ್ನು ಯಂತ್ರವೇ ಮುದ್ರಿಸಿಕೊಡುತ್ತದೆ. ಮೂರು ತಿಂಗಳು ನಡೆಯುತ್ತದೆ. ಪ್ರಯಾಣದಲ್ಲಿ ಗುರುತಿನ ಚೀಟಿ ಜೊತೆಗಿರಲೇಬೇಕು. ಪದವಿಗೆ ಸೇರದೆ ಒಂದೆರಡು ಸೆಮಿಸ್ಟರ್‌ಗೆ ಬಂದ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಹಲವು ಕಡೆ ಇದು ಸಿಗುವುದಿಲ್ಲ. ಗುಂಪಿನಲ್ಲಿ ಐದು ಜನಕ್ಕೆ ಸಿಕ್ಕಿ ಮೂವರಿಗೆ ಸಿಗದಿದ್ದರೆ ಲೆಕ್ಕವೆಲ್ಲ ತಲೆಕೆಳಗು. ದಿನಾಂಕ ನಿಗದಿ ಮಾಡುವ ಮುಂಚೆಯೇ ಕಚೇರಿಯಲ್ಲಿ ಕೇಳಿಕೊಳ್ಳಿ.

ಎರಡನೆಯದು ವಿದ್ಯಾರ್ಥಿ ಗುಂಪಿನ ದರ. ಎಂಟು ಅಥವಾ ಹೆಚ್ಚು ವಿದ್ಯಾರ್ಥಿಗಳಿದ್ದು, ಜೊತೆಗೆ ಅಧ್ಯಾಪಕರೊಬ್ಬರು ಬಂದರೆ ಮೂಲ ದರ ಅರ್ಧಕ್ಕರ್ಧ. ಎರಡು ವಾರ ಮುಂಚೆ ಅರ್ಜಿ ಹಾಕಬೇಕು. ಲ್ಯಾಬ್ ಅಥವಾ ಸೆಮಿನಾರ್ ತಂಡದ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಸ್ನೇಹಿತರು ಸೇರಿ ಹೊರಟರೆ ಪ್ರೊಫೆಸರ್ ಎಲ್ಲಿಂದ ಬರಬೇಕು?

ಮೂರನೆಯದು, ನಮ್ಮ ಪ್ರವಾಸಕ್ಕೆ ಬೇಕಾದ್ದು, ಸೇಶುನ್ 18 ಕಿಪ್ಪು. ಹೆಸರಿನಲ್ಲಿ 18 ಇದ್ದರೂ ವಯಸ್ಸಿನ ಮಿತಿ ಇಲ್ಲ, ವೀಸಾ ಯಾವುದೆಂದೂ ಕೇಳುವುದಿಲ್ಲ. ಇಡೀ ದೇಶದ ಜೆಆರ್ ಲೋಕಲ್ ಮತ್ತು ರ‍್ಯಾಪಿಡ್ ರೈಲುಗಳಲ್ಲಿ ದಿನವಿಡೀ ಎಷ್ಟು ಬೇಕಾದರೂ ಓಡಾಡಬಹುದು. ಶಿಂಕಾನ್ಸೆನ್, ಲಿಮಿಟೆಡ್ ಎಕ್ಸ್‌ಪ್ರೆಸ್ ಹತ್ತುವಂತಿಲ್ಲ. ಮೂರು ದಿನಕ್ಕೆ 10,000, ಐದು ದಿನಕ್ಕೆ 12,050 ಯೆನ್. ವಸಂತ, ಬೇಸಿಗೆ, ಚಳಿಗಾಲದ ರಜೆಗಳಲ್ಲಿ ಮಾತ್ರ ಮಾರಾಟ.

ಹಳೆಯ ಸೀನಿಯರ್‌ಗಳ ಸಲಹೆ ಇಲ್ಲಿ ಕೈಕೊಡುತ್ತದೆ. 2024ರ ಬೇಸಿಗೆಯವರೆಗೆ ಒಂದೇ ಟಿಕೆಟ್ಟನ್ನು ಐದು ಜನ ಹಂಚಿಕೊಳ್ಳಬಹುದಿತ್ತು, ಬೇಕಾದ ಐದು ದಿನ ಬಿಡಿಬಿಡಿಯಾಗಿ ಬಳಸಬಹುದಿತ್ತು. ಈಗ ಎರಡೂ ಇಲ್ಲ. ಒಬ್ಬರಿಗೆ ಒಂದು ಟಿಕೆಟ್, ದಿನಗಳು ಸಾಲಾಗಿ ಬರಬೇಕು, ಶುರುವಾಗುವ ದಿನವನ್ನು ಕೊಳ್ಳುವಾಗಲೇ ಹೇಳಬೇಕು. ಅನುಕೂಲವಾದದ್ದು ಒಂದೇ: ಹಿಂದೆ ಸಿಬ್ಬಂದಿಯ ಹತ್ತಿರ ಮುದ್ರೆ ಹಾಕಿಸಿಕೊಳ್ಳಬೇಕಿತ್ತು, ಈಗ ಟಿಕೆಟ್ ಸ್ವಯಂಚಾಲಿತ ಗೇಟಿನಲ್ಲೇ ನಡೆಯುತ್ತದೆ. ಕಳೆದರೆ ಮತ್ತೊಂದು ಕೊಡುವುದಿಲ್ಲ. ಮುಂದಾಳು ಎಂಟೂ ಟಿಕೆಟ್ ತನ್ನ ಚೀಲದಲ್ಲಿ ಇಟ್ಟುಕೊಳ್ಳಬಾರದು, ಅವರವರದು ಅವರವರ ಹತ್ತಿರವೇ ಇರಲಿ.

ಪ್ರವಾಸ ಉತ್ತರದ ಸೆಂದಾಯ್, ಆಓಮೋರಿ ಕಡೆಗಾದರೆ ಜೆಆರ್ ಈಸ್ಟ್ ಕಂಪನಿಯ ಪಾಸ್ ನೋಡಿ. ವಿದೇಶಿ ಪಾಸ್‌ಪೋರ್ಟ್ ಇದ್ದವರೆಲ್ಲ ಅದನ್ನು ಕೊಳ್ಳಬಹುದು, ವಿದ್ಯಾರ್ಥಿ ವೀಸಾದವರೂ ಸಹ.

ಐದು ದಿನವೋ, ಮೂರು ದಿನವೋ

ಐದು ದಿನದ ಟಿಕೆಟ್ಟಿನ ಲೆಕ್ಕ ನೋಡಿ. ಟೋಕಿಯೋ–ಕ್ಯೋಟೋ 8,360, ಕ್ಯೋಟೋ–ನಾರಾ ಹೋಗಿಬರಲು 1,440, ಕ್ಯೋಟೋ–ಹಿರೋಷಿಮಾ ಸುಮಾರು 6,600, ಹಿರೋಷಿಮಾ–ಒಸಾಕಾ ಸುಮಾರು 5,700, ಮಧ್ಯೆ ಮಿಯಾಜಿಮಾ. ಒಟ್ಟು 23,000 ದಾಟುವುದು 12,050ರಲ್ಲಿ ಮುಗಿಯುತ್ತದೆ. ಬೆಲೆಗೆ ತಕ್ಕ ಕಷ್ಟವೂ ಇದೆ. ಐದರಲ್ಲಿ ಮೂರು ದಿನ ಅರ್ಧಕ್ಕಿಂತ ಹೆಚ್ಚು ಹೊತ್ತು ರೈಲಿನಲ್ಲೇ ಕಳೆಯುತ್ತದೆ, ಸುಸ್ತಾಯಿತೆಂದು ಒಂದು ದಿನ ಕೂತರೆ ಆ ದಿನದ ದುಡ್ಡು ಹೋಯಿತು.

ಇನ್ನೊಂದು ದಾರಿ: ಟೋಕಿಯೋದಿಂದ ಕ್ಯೋಟೋಗೆ ರಾತ್ರಿ ಬಸ್, ಅಲ್ಲಿ ಎರಡು ದಿನ ನಿಧಾನವಾಗಿ ಸುತ್ತಿ, ಹಿರೋಷಿಮಾಗೆ ಹೊರಡುವ ದಿನದಿಂದ ಮೂರು ದಿನದ ಟಿಕೆಟ್ ಶುರು ಮಾಡುವುದು. ಕ್ಯೋಟೋ–ಹಿರೋಷಿಮಾ–ಮಿಯಾಜಿಮಾ–ಒಸಾಕಾ ಬಿಡಿಯಾಗಿ ಸುಮಾರು 13,000 ಆಗುತ್ತದೆ, ಟಿಕೆಟ್ 10,000. ಉಳಿತಾಯ ಕಡಿಮೆ, ಆದರೆ ಎಂಟು ಜನರ ಗುಂಪು ಜಗಳವಾಡದೆ ಮುಗಿಸುವ ಪ್ರವಾಸ ಇದೇ. ರೈಲೆಂದರೆ ಪ್ರಾಣ ಎನ್ನುವ ನಾಲ್ವರಿದ್ದರೆ ಐದು ದಿನದ್ದು ತೆಗೆದುಕೊಳ್ಳಿ.

ಟೋಕಿಯೋ–ಕ್ಯೋಟೋ ಲೋಕಲ್ ರೈಲಿನಲ್ಲಿ

513.6 ಕಿ.ಮೀ., ಸುಮಾರು 9 ಗಂಟೆ. ಬೆಳಿಗ್ಗೆ 6.30ರ ಹೊತ್ತಿಗೆ ಟೋಕಿಯೋ ಬಿಟ್ಟರೆ ಸಂಜೆ 4ರೊಳಗೆ ಕ್ಯೋಟೋ. ಸಾಮಾನ್ಯವಾಗಿ ಬದಲಿಸುವ ಊರುಗಳು ಅತಾಮಿ, ಶಿಜುಓಕಾ, ಹಮಾಮತ್ಸು, ತೊಯೊಹಾಶಿ, ಒಗಾಕಿ, ಮೈಬಾರಾ. ಅತಾಮಿಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ, ಅಲ್ಲಿಂದ ಹಮಾಮತ್ಸುವರೆಗೆ ಎರಡೂವರೆ ಗಂಟೆ, ತೊಯೊಹಾಶಿಯಿಂದ ಒಗಾಕಿಗೆ ಒಂದೂವರೆ, ಮೈಬಾರಾದಿಂದ ಕ್ಯೋಟೋಗೆ ವೇಗದ ರ‍್ಯಾಪಿಡ್‌ನಲ್ಲಿ 55 ನಿಮಿಷ.

ಇಡೀ ದಾರಿಯಲ್ಲಿ ಬೇಸರ ತರಿಸುವುದು ಅತಾಮಿ–ಹಮಾಮತ್ಸು ನಡುವಿನ ಭಾಗ. ಬೆಂಗಳೂರು ಮೆಟ್ರೋದಂತೆ ಗೋಡೆಗೆ ಬೆನ್ನು ಕೊಟ್ಟ ಉದ್ದ ಸೀಟು. ಅತಾಮಿ ಸ್ಟೇಷನ್ನಿನಲ್ಲೇ ಶೌಚಾಲಯಕ್ಕೆ ಹೋಗಿ ಬನ್ನಿ. ಆಕಾಶ ತಿಳಿಯಾಗಿದ್ದರೆ ಈ ಭಾಗದಲ್ಲೇ ಬಲಗಡೆ ಫ್ಯೂಜಿ ಕಾಣುತ್ತದೆ, ಎಡಗಡೆ ಸಮುದ್ರ.

ಒಗಾಕಿ ಮತ್ತು ಮೈಬಾರಾ ಬಗ್ಗೆ ವಿವರವಾಗಿ ಹೇಳಬೇಕು. ಈ ಟಿಕೆಟ್ಟಿನ ಕಾಲದಲ್ಲಿ ಇಡೀ ರೈಲು ಒಂದೇ ಕಡೆ ಹೋಗುವವರಿಂದ ತುಂಬಿರುತ್ತದೆ. ಮುಂದಿನ ರೈಲು ಕಡಿಮೆ ಡಬ್ಬಿಯದು, ಬದಲಿಸಲು ಐದಾರು ನಿಮಿಷ. ಬಾಗಿಲು ತೆರೆದ ಕೂಡಲೇ ಅಜ್ಜಂದಿರೂ ಸೇರಿ ಎಲ್ಲರೂ ಮೆಟ್ಟಿಲ ಕಡೆ ಓಡುತ್ತಾರೆ. ಇದಕ್ಕೆ ‘ಒಗಾಕಿ ಡ್ಯಾಶ್’ ಎಂದೇ ಹೆಸರಿದೆ. ಎಂಟು ಜನ ಓಡಿದರೆ ಆರು ಜನ ಒಳಗೆ, ಇಬ್ಬರು ಹೊರಗೆ. ಓಡಬೇಡಿ. ಒಗಾಕಿಯಲ್ಲಿ ಒಂದು ರೈಲು ಬಿಟ್ಟು ಮುಂದಿನದಕ್ಕೆ ಸಾಲಿನ ಮುಂದೆ ನಿಂತರೆ ಸೀಟೂ ಸಿಗುತ್ತದೆ, ಊಟಕ್ಕೆ ಅರ್ಧ ಗಂಟೆಯೂ ಸಿಗುತ್ತದೆ. ವೇಳಾಪಟ್ಟಿ ಮಾಡುವಾಗಲೇ ಆ ಅರ್ಧ ಗಂಟೆ ಸೇರಿಸಿಡಿ. ಆ್ಯಪ್ ತೋರಿಸುವ ಅತಿ ಬೇಗದ ಜೋಡಣೆ ಒಬ್ಬಂಟಿಗೆ ಸರಿ, ಗುಂಪಿಗಲ್ಲ. ಆ್ಯಪ್‌ನಲ್ಲಿ ಶಿಂಕಾನ್ಸೆನ್, ಲಿಮಿಟೆಡ್ ಎಕ್ಸ್‌ಪ್ರೆಸ್, ಖಾಸಗಿ ರೈಲು ಮೂರನ್ನೂ ತೆಗೆದುಹಾಕಿ ಹುಡುಕಬೇಕು, ಇಲ್ಲದಿದ್ದರೆ ಟಿಕೆಟ್ ನಡೆಯದ ರೈಲನ್ನು ತೋರಿಸುತ್ತದೆ.

ಇನ್ನೊಂದು ಎಡವಟ್ಟು ಕೈಯ ಅಭ್ಯಾಸದಿಂದ ಆಗುವುದು. ದಿನಾ ಸುಯಿಕಾ ಎಂಬ ಪ್ರೀಪೇಯ್ಡ್ ಪ್ರಯಾಣ ಕಾರ್ಡ್ ತಾಗಿಸಿ ರೂಢಿಯಾದವರು ಆ ದಿನವೂ ಗೇಟಿಗೆ ಕಾರ್ಡನ್ನೇ ತಾಗಿಸುತ್ತಾರೆ. ಸುಯಿಕಾ ಜಪಾನಿನ ಎಷ್ಟೋ ನಗರಗಳಲ್ಲಿ ನಡೆಯುತ್ತದೆ ನಿಜ, ಆದರೆ ಒಂದು ವಲಯದಲ್ಲಿ ಒಳಬಂದು ಇನ್ನೊಂದು ವಲಯದಲ್ಲಿ ಹೊರಬರಲಾಗದು. ಟೋಕಿಯೋದಲ್ಲಿ ತಾಗಿಸಿ ಕ್ಯೋಟೋದಲ್ಲಿ ಇಳಿದರೆ ಗೇಟ್ ತೆರೆಯುವುದಿಲ್ಲ. ಕೌಂಟರಿನಲ್ಲಿ ಕಾರ್ಡಿನ ಒಳಪ್ರವೇಶ ರದ್ದು ಮಾಡಿಸುವವರೆಗೆ ಕಾರ್ಡ್ ಎಲ್ಲೂ ಕೆಲಸ ಮಾಡದು. ಹೊರಡುವ ದಿನ ಕಾರ್ಡನ್ನು ಚೀಲದ ತಳಕ್ಕೆ ಹಾಕಿಬಿಡಿ.

ರೈಲು ತಡವಾಗಿ ಕೊನೆಯ ಜೋಡಣೆ ತಪ್ಪಿದರೆ ಈ ಟಿಕೆಟ್ಟಿಗೆ ಪರಿಹಾರವಿಲ್ಲ, ದಿನವನ್ನೂ ಮುಂದಕ್ಕೆ ಹಾಕುವುದಿಲ್ಲ. ಶಿಂಕಾನ್ಸೆನ್ ಹತ್ತಿದರೆ ಆ ಭಾಗದ ಮೂಲ ದರ ಮತ್ತು ಎಕ್ಸ್‌ಪ್ರೆಸ್ ಶುಲ್ಕ ಎರಡೂ ಹೊಸದಾಗಿ ಕೊಡಬೇಕು. ಆದ್ದರಿಂದ ದಿನದ ಕೊನೆಯ ರೈಲಿನ ಮೇಲೆ ಯೋಜನೆ ಕಟ್ಟಬೇಡಿ.

ಲಗೇಜು

ತಲಾ ಒಂದು 40 ಲೀಟರಿನ ಬೆನ್ನಚೀಲ, ಮೂರು ಜೊತೆ ಬಟ್ಟೆ. ಸೂಟ್‌ಕೇಸ್ ಬೇಡ. ಲೋಕಲ್ ರೈಲಿನಲ್ಲಿ ಅದನ್ನಿಡಲು ಜಾಗವಿಲ್ಲ, ಬದಲಿಸುವಾಗ ಮೆಟ್ಟಿಲು ಹತ್ತಿ ಇಳಿಯಬೇಕು. ಹಾಸ್ಟೆಲ್‌ಗಳಲ್ಲಿ ನಾಣ್ಯ ಹಾಕುವ ವಾಷಿಂಗ್ ಮಷೀನ್ ಇರುತ್ತದೆ, ಎಂಟು ಜನರ ಬಟ್ಟೆ ಒಟ್ಟಿಗೆ ಹಾಕಿದರೆ ಅಗ್ಗ. ಸ್ಟೇಷನ್ ಲಾಕರ್ ಅಳತೆಗೆ ತಕ್ಕಂತೆ 400ರಿಂದ 900 ಯೆನ್, ದೊಡ್ಡದೊಂದರಲ್ಲಿ ಮೂರು ಬೆನ್ನಚೀಲ ಹಿಡಿಯುತ್ತವೆ. ಕ್ಯೋಟೋ ಸ್ಟೇಷನ್ನಿನಲ್ಲಿ ದೊಡ್ಡ ಲಾಕರ್‌ಗಳು ಬೆಳಿಗ್ಗೆಯೇ ತುಂಬಿಹೋಗುತ್ತವೆ, ಹಾಸ್ಟೆಲ್‌ನಲ್ಲೇ ಇಟ್ಟು ಹೊರಡುವುದು ಮೇಲು. ಯಾರಾದರೂ ಶಿಂಕಾನ್ಸೆನ್‌ನಲ್ಲಿ ಬರುತ್ತಾರೆಂದರೆ ಅವರಿಗೆ ಹೇಳಿ: ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂ.ಮೀ. ದಾಟುವ ಪೆಟ್ಟಿಗೆಗೆ ಅದಕ್ಕೆಂದೇ ಇರುವ ಸೀಟು ಮೊದಲೇ ಕಾಯ್ದಿರಿಸಬೇಕು, ಇಲ್ಲದಿದ್ದರೆ 1,000 ಯೆನ್ ಕಟ್ಟಬೇಕು.

ತಂಗುವುದು

ಎಂಟು ಹಾಸಿಗೆಯ ಕೋಣೆ ಇರುವ ಹಾಸ್ಟೆಲ್ ಹುಡುಕಿ ಇಡೀ ಕೋಣೆ ತೆಗೆದುಕೊಳ್ಳಿ. ತಲಾ 3,000ದಿಂದ 5,000 ಯೆನ್. ಜಪಾನಿನಲ್ಲಿ ಕೋಣೆ ಬೆಲೆಯನ್ನು ಹೆಚ್ಚಾಗಿ ತಲೆ ಲೆಕ್ಕದಲ್ಲಿ ಹಾಕುತ್ತಾರೆ. ಇಬ್ಬರ ಕೋಣೆಯಲ್ಲಿ ನಾಲ್ವರು ಮಲಗುವ ಉಪಾಯ ಇಲ್ಲಿ ನಡೆಯದು, ಸಿಕ್ಕಿಬಿದ್ದರೆ ಹೊರಗೆ ಹಾಕುತ್ತಾರೆ. ಕ್ಯೋಟೋದಲ್ಲಿ ವಸತಿ ತೆರಿಗೆ ಬೇರೆ: 2026ರ ಮಾರ್ಚ್‌ನಿಂದ ತಲಾ ರಾತ್ರಿಗೆ 6,000 ಯೆನ್ ಒಳಗಿನ ಕೋಣೆಗೆ 200, ಅದಕ್ಕೆ ಮೇಲೆ 20,000ದವರೆಗೆ 400. ಚೆಕ್‌ಇನ್ ಸಾಮಾನ್ಯವಾಗಿ ಮಧ್ಯಾಹ್ನ 3ರ ನಂತರ. ರಾತ್ರಿ ತಡವಾಗುವುದಾದರೆ ಮೊದಲೇ ತಿಳಿಸಿ, ಸಣ್ಣ ಹಾಸ್ಟೆಲ್‌ಗಳ ಸ್ವಾಗತ ಮೇಜು 9–10ಕ್ಕೇ ಮುಚ್ಚಿರುತ್ತದೆ. ರೆಸಿಡೆನ್ಸ್ ಕಾರ್ಡ್ ಎಲ್ಲರ ಹತ್ತಿರವೂ ಸದಾ ಇರಬೇಕು. ಅದು ಹೋಟೆಲಿನ ನಿಯಮ ಮಾತ್ರವಲ್ಲ, ದೇಶದ ಕಾನೂನು.

ಕ್ಯೋಟೋ ಮತ್ತು ನಾರಾ

ಕ್ಯೋಟೋದ ಸಿಟಿ ಬಸ್ಸನ್ನು ನೆಚ್ಚಿಕೊಂಡರೆ ದಿನ ಹಾಳು. ನಗರದೊಳಗೆ 230 ಯೆನ್, ಹಿಂದಿನ ಬಾಗಿಲಲ್ಲಿ ಹತ್ತಿ ಇಳಿಯುವಾಗ ಮುಂದೆ ಕೊಡಬೇಕು. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಎಂಟು ಜನ ಬರುವಷ್ಟರಲ್ಲಿ ಎರಡು ಸ್ಟಾಪ್ ಮುಂದೆ ಹೋಗಿರುತ್ತದೆ. ಬಸ್ಸಿಗೆ ಮಾತ್ರ ಇದ್ದ ದಿನದ ಪಾಸನ್ನು ನಿಲ್ಲಿಸಿದ್ದಾರೆ, ಈಗಿರುವುದು ಸಬ್‌ವೇ ಮತ್ತು ಬಸ್ ಸೇರಿದ 1,100 ಯೆನ್‌ನ ಪಾಸ್. ಆದಷ್ಟು ರೈಲು, ಉಳಿದದ್ದು ಕಾಲ್ನಡಿಗೆ.

ಫುಶಿಮಿ ಇನಾರಿ ದೇಗುಲಕ್ಕೆ ಪ್ರವೇಶ ಶುಲ್ಕವಿಲ್ಲ, ಬಾಗಿಲೂ ಇಲ್ಲ. ಬೆಳಿಗ್ಗೆ 7ಕ್ಕೆ ಹೋದರೆ ಕೆಂಪು ತೋರಣದ್ವಾರಗಳ ಸಾಲಿನಲ್ಲಿ ನೀವೇ ಇರುತ್ತೀರಿ, 10 ಗಂಟೆಗೆ ಹೋದರೆ ಬೆನ್ನುಗಳು ಮಾತ್ರ ಕಾಣುತ್ತವೆ. ಕ್ಯೋಟೋ ಸ್ಟೇಷನ್ನಿನಿಂದ ಜೆಆರ್ ನಾರಾ ಮಾರ್ಗದಲ್ಲಿ ಎರಡನೇ ನಿಲ್ದಾಣ ಇನಾರಿ. ಲೋಕಲ್ ರೈಲನ್ನೇ ಹತ್ತಿ, ಮಿಯಾಕೋಜಿ ರ‍್ಯಾಪಿಡ್ ಅಲ್ಲಿ ನಿಲ್ಲುವುದಿಲ್ಲ. ಬೆಟ್ಟ ಸುತ್ತಿ ಇಳಿದು ಅದೇ ಮಾರ್ಗದಲ್ಲಿ ಮುಂದೆ ನಾರಾಗೆ ಹೋದರೆ ಒಂದೇ ದಿನದಲ್ಲಿ ಎರಡೂ ಮುಗಿಯುತ್ತದೆ. ನಾರಾದಲ್ಲಿ ಜಿಂಕೆಗಳಿಗೆಂದು ಮಾರುವ ಬಿಸ್ಕತ್ತನ್ನು ಕೊಂಡ ಕೂಡಲೇ ಕೊಟ್ಟುಬಿಡಿ. ಕೈಯಲ್ಲಿ ಹಿಡಿದು ಫೋಟೋಗೆ ನಿಂತರೆ ಜಿಂಕೆ ಹಿಂದಿನಿಂದ ಕಚ್ಚುತ್ತದೆ. ಕಾಗದದ ನಕ್ಷೆಯನ್ನೂ ತಿನ್ನುತ್ತದೆ.

ಕ್ಯೋಟೋದ ಹಳೆಯ ಬಡಾವಣೆ ಗಿಯೋನ್‌ನ ಖಾಸಗಿ ಓಣಿಗಳಿಗೆ ಪ್ರವಾಸಿಗರು ನುಗ್ಗುವಂತಿಲ್ಲ, ಮೀರಿದರೆ 10,000 ಯೆನ್ ದಂಡ ಎಂಬ ಫಲಕಗಳಿವೆ. ದೊಡ್ಡ ಬೀದಿಯಲ್ಲೇ ನಡೆಯಿರಿ.

ಹಿಮೇಜಿ ಇಳಿದು ಹಿರೋಷಿಮಾ

ಬೆಳಿಗ್ಗೆ 7.30ಕ್ಕೆ ಕ್ಯೋಟೋ ಬಿಟ್ಟರೆ ರ‍್ಯಾಪಿಡ್‌ನಲ್ಲಿ 9 ದಾಟುತ್ತಿದ್ದಂತೆ ಹಿಮೇಜಿ. ಕೋಟೆ ತೆರೆಯುವುದೂ 9ಕ್ಕೆ, ಸ್ಟೇಷನ್ನಿನಿಂದ 15–20 ನಿಮಿಷದ ನೇರ ನಡಿಗೆ. 2026ರ ಮಾರ್ಚ್‌ನಿಂದ ಊರಿನವರಲ್ಲದ ದೊಡ್ಡವರಿಗೆ ಪ್ರವೇಶ ದರ 1,000ದಿಂದ 2,500ಕ್ಕೆ ಏರಿದೆ. ದುಬಾರಿ ಅನ್ನಿಸಿದರೆ ಹೊರಗಿನ ಬಯಲಿನಿಂದ ನೋಡಿ ಹೊರಡಬಹುದು. ಆದರೆ ಜಪಾನಿನಲ್ಲಿ ಮೂಲ ಮರದ ಕಟ್ಟಡವೇ ಉಳಿದಿರುವ ಕೋಟೆಗಳು ಕೆಲವೇ, ಒಸಾಕಾದ್ದು ಒಳಗೆ ಕಾಂಕ್ರೀಟು. ಕೋಟೆಗಳಲ್ಲಿ ಒಂದಕ್ಕೆ ಮಾತ್ರ ದುಡ್ಡು ಕೊಡುವುದಾದರೆ ಇದಕ್ಕೇ ಕೊಡಿ. ಮೆಟ್ಟಿಲು ತೀರಾ ಕಡಿದು, ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಬೇಕು. ದಪ್ಪ ಕಾಲುಚೀಲ ಹಾಕಿಕೊಳ್ಳಿ, ಮಾರ್ಚ್‌ನಲ್ಲಿ ಆ ಮರದ ನೆಲ ಕೊರೆಯುತ್ತದೆ.

ಮಧ್ಯಾಹ್ನ ಒಂದು ಗಂಟೆಯೊಳಗೆ ಹಿಮೇಜಿ ಬಿಡಿ. ಅಯೋಯಿಯಲ್ಲಿ ಬದಲಿಸಬೇಕಾಗಿ ಬಂದರೆ ಅಲ್ಲಿಯೂ ಒಗಾಕಿಯದೇ ಕತೆ. ಒಕಾಯಾಮಾ ದಾಟಿದ ಮೇಲೆ ಸೀಟು ಸಿಗುತ್ತದೆ. ಹಿರೋಷಿಮಾ ತಲುಪುವಾಗ ಸಂಜೆ 5.30–6.

ಹಿರೋಷಿಮಾದ ಟ್ರಾಮ್ 2025ರ ಆಗಸ್ಟ್‌ನಿಂದ ಸ್ಟೇಷನ್ ಕಟ್ಟಡದ ಎರಡನೇ ಮಹಡಿಗೇ ಬರುತ್ತದೆ. ಅದರಲ್ಲಿ ಸೇಶುನ್ 18 ನಡೆಯುವುದಿಲ್ಲ, ಚೀಲದ ತಳದ ಕಾರ್ಡನ್ನು ಈಗ ತೆಗೆಯಿರಿ. ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ 200 ಯೆನ್. ಬೆಳಿಗ್ಗೆ ತೆರೆಯುವಾಗಲೇ ಹೋಗಿ, ಎರಡು ಗಂಟೆ ಇಟ್ಟುಕೊಳ್ಳಿ. ಗುಂಪಾಗಿ ಒಳಗೆ ಹೋದರೂ ಒಬ್ಬೊಬ್ಬರೇ ನೋಡುವ ಜಾಗ ಅದು. ಹೊರಗೆ ಸೇರುವ ಸಮಯ ಗೊತ್ತು ಮಾಡಿಕೊಂಡು ಬಿಡಿಬಿಡಿಯಾಗಿ ಹೋಗಿ, ನೋಡಿ ಬಂದ ತಕ್ಷಣಕ್ಕೆ ಊಟ, ಶಾಪಿಂಗ್ ಇಟ್ಟುಕೊಳ್ಳಬೇಡಿ.

ಮಿಯಾಜಿಮಾ ದ್ವೀಪಕ್ಕೆ ಜೆಆರ್‌ನಲ್ಲಿ ಮಿಯಾಜಿಮಾಗುಚಿಯವರೆಗೆ ಅರ್ಧ ಗಂಟೆ, ಅಲ್ಲಿಂದ ದೋಣಿ 10 ನಿಮಿಷ. ಅಕ್ಕಪಕ್ಕದಲ್ಲೇ ಎರಡು ಕಂಪನಿಗಳ ದೋಣಿಕಟ್ಟೆಗಳಿವೆ, ನಿಮ್ಮ ಟಿಕೆಟ್ ನಡೆಯುವುದು ಜೆಆರ್ ದೋಣಿಯಲ್ಲಿ ಮಾತ್ರ. 2023ರ ಅಕ್ಟೋಬರಿನಿಂದ ಇರುವ 100 ಯೆನ್ ಪ್ರವಾಸಿ ತೆರಿಗೆಯನ್ನು ಟಿಕೆಟ್ ಇದ್ದವರೂ ಬೇರೆಯಾಗಿ ಕಟ್ಟಬೇಕು. ನೀರಿನಲ್ಲಿ ನಿಂತ ದೊಡ್ಡ ತೋರಣದ್ವಾರ ತೇಲಿದಂತೆ ಕಾಣಬೇಕಾದರೆ ಸಮುದ್ರದ ಮಟ್ಟ 250 ಸೆಂ.ಮೀ. ಮೇಲಿರಬೇಕು, ಅದರ ಬುಡಕ್ಕೆ ನಡೆದು ಹೋಗಬೇಕಾದರೆ 100ಕ್ಕಿಂತ ಕೆಳಗೆ. ಆ ದಿನದ ಉಬ್ಬರ–ಇಳಿತದ ಪಟ್ಟಿ ನೋಡಿ, ಅದಕ್ಕೆ ತಕ್ಕಂತೆ ವಸ್ತುಸಂಗ್ರಹಾಲಯವನ್ನು ಮುಂಚೆಯೋ ಆಮೇಲೋ ಇಟ್ಟುಕೊಳ್ಳಿ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಗುಂಪಿನಲ್ಲಿ ಒಬ್ಬರಾದರೂ ಸಸ್ಯಾಹಾರಿ ಇದ್ದೇ ಇರುತ್ತಾರೆ. ‘ನಿಕು ನಾಶಿ’, ಮಾಂಸ ಬೇಡ ಅಂದರೆ ಮಾಂಸ ತೆಗೆದು ಮೀನು ಹಾಕಿ ಕೊಡುತ್ತಾರೆ, ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ‘ನಿಕು ತೊ ಸಕಾನಾ ವ ತಾಬೆಮಾಸೆನ್, ದಾಶಿ ಮೋ ದಾಮೆ ದೆಸು’ ಎಂದು ಮೂರನ್ನೂ ಹೇಳಿ. ದಾಶಿ ಎಂದರೆ ಹೆಚ್ಚಾಗಿ ಒಣಗಿಸಿದ ಮೀನಿನ ಸಾರು. ಊದೋನ್ ಮತ್ತು ಸೋಬಾ ನೂಡಲ್ಸ್, ಮಿಸೋ ಸೂಪು, ಬೇಯಿಸಿದ ತರಕಾರಿ, ನೋಡಲು ಮುಗ್ಧವಾದ ಇನಾರಿ ಸುಶಿಯ ತೋಫು, ಎಲ್ಲದರಲ್ಲೂ ಅದಿರುತ್ತದೆ. ಪ್ಯಾಕೆಟ್ಟಿನ ಮೇಲಿನ ಅಲರ್ಜಿ ಪಟ್ಟಿ ನಂಬಿ ಮೋಸ ಹೋಗಬೇಡಿ. ಕಡ್ಡಾಯವಾಗಿ ತೋರಿಸಬೇಕಾದವು ಮೊಟ್ಟೆ, ಹಾಲು, ಗೋಧಿ, ಸೋಬಾ, ಕಡಲೆಕಾಯಿ, ಸಿಗಡಿ, ಏಡಿಯಂಥವು. ದಾಶಿಯ ಕತ್ಸುಓ ಮೀನು ಅದರಲ್ಲಿಲ್ಲ. ಫೋನಿನ ಕ್ಯಾಮರಾ ಅನುವಾದದಿಂದ ಪದಾರ್ಥಗಳ ಇಡೀ ಸಾಲನ್ನೇ ಓದಬೇಕು.

ದಾರಿಯಲ್ಲಿ ಕೈಹಿಡಿಯುವುದು ಕನ್ವೀನಿಯನ್ಸ್ ಸ್ಟೋರಿನ ಅನ್ನ. 200 ಗ್ರಾಂನ ಬರೀ ಅನ್ನದ ಡಬ್ಬಿ, ಅಂಗಡಿಯ ಮೈಕ್ರೋವೇವ್‌ನಲ್ಲೇ ಎರಡು ನಿಮಿಷ ಬಿಸಿ ಮಾಡಿಸಿ. ಊರಿಂದ ತಂದ ಪುಳಿಯೋಗರೆ ಗೊಜ್ಜು ಎರಡು ಚಮಚ, ಜೊತೆಗೆ ಉಪ್ಪು ಕಡಲೆಕಾಯಿ. ಕಲಸಲು ಅಗಲವಾದ ಡಬ್ಬಿಯೊಂದು ಚೀಲದಲ್ಲಿರಲಿ, ಅನ್ನದ ಡಬ್ಬಿಯಲ್ಲೇ ಕಲಸಿದರೆ ಅರ್ಧ ನೆಲಕ್ಕೆ. ಚಟ್ನಿಪುಡಿಯನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿಕೊಳ್ಳಿ. ಉದ್ದ ಸೀಟಿನ ಲೋಕಲ್ ರೈಲಿನಲ್ಲಿ ಊಟ ಬಿಚ್ಚಬೇಡಿ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮುಗಿಸಿ. ಬಾಳೆಹಣ್ಣು, ಸುಟ್ಟ ಗೆಣಸು ಎಲ್ಲ ಕಡೆ ಸಿಗುತ್ತವೆ.

ಕುಳಿತು ಉಣ್ಣಲು ನೇಪಾಳಿಗಳು ನಡೆಸುವ ‘ಇಂಡಿಯನ್’ ಹೋಟೆಲುಗಳು ಸಣ್ಣ ಊರುಗಳಲ್ಲೂ ಇವೆ, ಮಧ್ಯಾಹ್ನದ ನಾನ್ ಸೆಟ್ ಸುಮಾರು 1,000 ಯೆನ್, ಹಿಂದಿಯಲ್ಲೇ ಕೇಳಬಹುದು. ಕೋಕೋ ಇಚಿಬಾನ್ಯ ಕರಿ ಅಂಗಡಿಗಳ ಹಲವು ಶಾಖೆಗಳಲ್ಲಿ ಪ್ರಾಣಿಜನ್ಯ ಪದಾರ್ಥವಿಲ್ಲದ ಕರಿ ಇರುತ್ತದೆ. ಮಾಮೂಲಿ ತರಕಾರಿ ಕರಿ ಬೇರೆ, ಅದನ್ನು ಬೇರೆಯಾಗಿ ಹೆಸರಿಟ್ಟು ಕೇಳಬೇಕು. ಹಿರೋಷಿಮಾದ ಒಕೊನೊಮಿಯಾಕಿ ಎಂಬ ದಪ್ಪ ದೋಸೆಯಂಥ ತಿಂಡಿಯಲ್ಲಿ ಹಂದಿ ಮಾಂಸ ಮಾಮೂಲು. ಬಿಟ್ಟು ಮಾಡಿಕೊಡುತ್ತಾರೆ, ಆದರೆ ಬೇಯಿಸುವ ಹೆಂಚು ಒಂದೇ.

ದುಡ್ಡು

ಮೂರು ದಿನದ ಟಿಕೆಟ್ಟಿನ ಪ್ರವಾಸ, ಐದು ಹಗಲು, ನಾಲ್ಕು ರಾತ್ರಿ ತಂಗುವ ಲೆಕ್ಕದಲ್ಲಿ ತಲಾ ಖರ್ಚು ಹೀಗಾಗುತ್ತದೆ:

- ರೈಲು ಟಿಕೆಟ್: 10,000
- ರಾತ್ರಿ ಬಸ್, ಹೋಗಲು ಮತ್ತು ಬರಲು: 10,000–12,000
- ಹಾಸ್ಟೆಲ್, ತೆರಿಗೆ ಸೇರಿ: 16,500
- ಊಟ, ದಿನಕ್ಕೆ 2,500ರಂತೆ: 12,500
- ಪ್ರವೇಶ ಶುಲ್ಕ: 4,500
- ಊರೊಳಗಿನ ರೈಲು, ಟ್ರಾಮ್, ಲಾಕರ್: 5,000

ಒಟ್ಟು ಸುಮಾರು 60,000 ಯೆನ್. ಇದರ ಮೇಲೆ ತಲಾ 10,000 ಮುಟ್ಟದೆ ಇಟ್ಟುಕೊಳ್ಳಿ, ರೈಲು ಕೈಕೊಟ್ಟ ದಿನಕ್ಕೆ.

ಹೊರಡುವಾಗ ಎಲ್ಲರಿಂದ 5,000 ಸೇರಿಸಿ ಒಂದು ಪೊಟ್ಟಣ ಮಾಡಿ. ಲಾಕರ್, ಬಟ್ಟೆ ಒಗೆಯುವುದು, ಹಂಚಿ ತಿನ್ನುವ ತಿಂಡಿ ಎಲ್ಲ ಅದರಿಂದ. ಊಟದ ಬಿಲ್ಲನ್ನು ಎಂಟಾಗಿ ಒಡೆಯುವುದಕ್ಕೆ ಹಲವು ಅಂಗಡಿಗಳು ಒಪ್ಪುವುದಿಲ್ಲ. ‘ಬೆತ್ಸುಬೆತ್ಸು’ (ಬೇರೆಬೇರೆಯಾಗಿ) ಎಂದು ಆರ್ಡರ್ ಮಾಡುವ ಮುಂಚೆ ಕೇಳಿ, ಆಗದು ಅಂದರೆ ಒಬ್ಬರು ಕೊಟ್ಟು ರಾತ್ರಿಯೇ ಆ್ಯಪ್‌ನಲ್ಲಿ ಬರೆದಿಡಿ. ಊರಿಗೆ ಬಂದ ಮೇಲೆ ನೋಡೋಣ ಅಂದ ಲೆಕ್ಕ ಎಂದೂ ಮುಗಿಯುವುದಿಲ್ಲ. ನಗದು ಬೇಕಾದರೆ ಸೆವೆನ್ ಇಲೆವೆನ್ ಎಟಿಎಂನಲ್ಲಿ ಭಾರತದ ಅಂತರರಾಷ್ಟ್ರೀಯ ಕಾರ್ಡುಗಳೂ ನಡೆಯುತ್ತವೆ.

ವಾಪಸ್ ಬಸ್, ಕೈತಪ್ಪಿದ್ದು

ಒಸಾಕಾದಲ್ಲಿ ಸೇರುವ ಜಾಗ ಹೇಳುವಾಗ ಎಚ್ಚರ. ಜೆಆರ್ ‘ಒಸಾಕಾ’ ಮತ್ತು ಸಬ್‌ವೇಯ ‘ಉಮೆದಾ’ ಒಂದೇ ಕಡೆ, ‘ಶಿನ್ ಒಸಾಕಾ’ ಬೇರೆ. ಬಸ್ ಯಾವುದರಿಂದ ಹೊರಡುತ್ತದೆ, ಎಷ್ಟನೇ ಕಟ್ಟೆ ಎಂಬುದನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ. ಹೇಳಿದ ನಿಮಿಷಕ್ಕೆ ಬಸ್ ಹೊರಡುತ್ತದೆ, ಒಬ್ಬರು ಬರಬೇಕು ಅಂದರೂ ಕಾಯುವುದಿಲ್ಲ. ಅಗ್ಗದ ಬಸ್ಸಿನಲ್ಲಿ ಸಾಲಿಗೆ ನಾಲ್ಕು ಸೀಟು, ಸಾವಿರ ಎರಡು ಸಾವಿರ ಹೆಚ್ಚು ಕೊಟ್ಟರೆ ಮೂರು ಸೀಟಿನದು. ವಾಪಸ್ ಬರುವಾಗ ಮೂರರದ್ದೇ ತೆಗೆದುಕೊಳ್ಳಿ. ಟೋಕಿಯೋಗೆ ಬೆಳಿಗ್ಗೆ 6ರ ಸುಮಾರಿಗೆ ಬಂದಿಳಿಯುತ್ತೀರಿ, ಆಗ ಲೋಕಲ್ ರೈಲುಗಳು ಓಡುತ್ತಿರುತ್ತವೆ.

ಅಪಾಯ ಬಂದರೆ ಪೊಲೀಸ್ 110, ಆಂಬ್ಯುಲೆನ್ಸ್ ಮತ್ತು ಬೆಂಕಿಗೆ 119. ರಾಷ್ಟ್ರೀಯ ಆರೋಗ್ಯ ವಿಮೆಯ ದಾಖಲೆ ಜೊತೆಗಿದ್ದರೆ ಚಿಕಿತ್ಸೆಯ ಶೇ 30 ಮಾತ್ರ ನೀವು ಕೊಡುವುದು, ಆದ್ದರಿಂದ ಅದನ್ನು ಮನೆಯಲ್ಲಿ ಬಿಡಬೇಡಿ. ವಿಶ್ವವಿದ್ಯಾಲಯದ ಮೂಲಕ ಮಾಡಿಸಿದ ಅಪಘಾತ ವಿಮೆ ಹೆಚ್ಚಾಗಿ ತರಗತಿ ಮತ್ತು ಅದರ ಚಟುವಟಿಕೆಗಳಿಗೆ ಮಾತ್ರ, ಸ್ವಂತ ಪ್ರವಾಸಕ್ಕೆ ಅಲ್ಲ.

ರೈಲಿನಲ್ಲಿ ಚೀಲ ಮರೆತರೆ ಹತಾಶರಾಗಬೇಡಿ, ಸಿಗುವ ಸಾಧ್ಯತೆ ಚೆನ್ನಾಗಿದೆ. ಹತ್ತಿರದ ಸ್ಟೇಷನ್ ಸಿಬ್ಬಂದಿಗೆ ಯಾವ ಮಾರ್ಗ, ಎಷ್ಟು ಗಂಟೆಗೆ ಎಲ್ಲಿ ಹತ್ತಿ ಎಲ್ಲಿ ಇಳಿದಿರಿ, ಮುಂದಿನಿಂದ ಎಷ್ಟನೇ ಡಬ್ಬಿ, ಚೀಲದ ಬಣ್ಣ ಏನು ಎಂದು ಹೇಳಿ. ರೈಲು ಕೊನೆಯ ನಿಲ್ದಾಣ ತಲುಪಿದಾಗ ಅಲ್ಲಿ ನೋಡಿಸುತ್ತಾರೆ. ಕೆಲವು ದಿನ ಕಳೆದರೆ ವಸ್ತು ಪೊಲೀಸರ ಕೈಗೆ ಹೋಗುತ್ತದೆ, ಆಗ ಬಿಡಿಸಿಕೊಳ್ಳಲು ಓಡಾಟ ಹೆಚ್ಚು. ಅದಕ್ಕೇ ಹತ್ತಿದ ಕೂಡಲೇ ಡಬ್ಬಿಯೊಳಗಿನ ಸಂಖ್ಯೆಯ ಒಂದು ಫೋಟೋ ತೆಗೆದು ಗುಂಪಿಗೆ ಹಾಕಿಡಿ.